ಮೋರಾಳ ತಾಯಿ ಯಾರು

ಅಕ್ಟೋಬರ್ 3, ಮಂಗಳವಾರ

ಬೆಳಗಿನಿಂದ ಟ್ಯೂಬು. ಮುನ್ನೂರ ನಲವತ್ತು ಟ್ಯೂಬು, ಒಂದೊಂದರಲ್ಲೂ ಒಂದು ಕುರಿಯ ಕಿವಿಯ ಚೂರು. ಹೆಬ್ಬೆರಳು ಮರಗಟ್ಟಿದೆ. ಕ್ಯಾಂಟೀನಿನಲ್ಲಿ ಬೇಯಿಸಿದ ಮೀನು, ಆಲೂಗಡ್ಡೆ. ಈ ವಿಶ್ವವಿದ್ಯಾಲಯದಲ್ಲಿ ಮಂಗಳವಾರ ಬೇರೇನಾದರೂ ಬೇಯಿಸಿದ್ದು ಕಾಣೆ.

ಎಲ್ಲವೂ ಮೇಲರ್ ಹಟ್ಟಿಯ ಕುರಿಗಳು, ಥೋರ್ಕೆಲ್‌ನವು. ಹೋದ ತಿಂಗಳು ಕಸಾಯಿಖಾನೆಗೆ ಹೋದ ಅವನ ಒಂದು ಮುದಿ ಕುರಿಯ ಮಿದುಳಿನಲ್ಲಿ ನಡುಕದ ರೋಗ ಸಿಕ್ಕಿತು. ಮದ್ದಿಲ್ಲ. ಒಂದರಲ್ಲಿ ಸಿಕ್ಕರೆ ಹಿಂಡನ್ನೇ ಕೊಂದು ಹೂಳುವುದು ಕಾನೂನು. ಹದಿನೆಂಟಕ್ಕೆ ಲಾರಿ. ಈ ವರ್ಷ ಒಂದು ವಿನಾಯಿತಿ ಇದೆ — ರೋಗ ತಡೆಯುವ ಜೀನು ಇರುವ ಕುರಿಯನ್ನು ಬಿಡಬಹುದು. ಯಾವುದನ್ನು ಬಿಡಬೇಕು ಎಂದು ಪಟ್ಟಿ ಕೊಡುವವಳು ನಾನು.

ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಮನೆತನದ ಹಟ್ಟಿ ಬಕ್ಕಿಯಿಂದಲೂ ಹೀಗೇ ಲಾರಿ ಹೊರಟಿತ್ತು. ಅದಕ್ಕೇ ಈ ಕೆಲಸಕ್ಕೆ ಬಂದಿದ್ದು. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಅಕ್ಟೋಬರ್ 4, ಬುಧವಾರ

ನಲವತ್ತೊಂದು.

ಇಷ್ಟಕ್ಕೆ ಜೀನು ಇದೆ ಅಂತ ಥೋರ್ಕೆಲ್‌ಗೆ ಫೋನ್ ಮಾಡಿದೆ. ಸಂಖ್ಯೆಯನ್ನು ಎರಡು ಸಲ ಹೇಳಿಸಿದ. ಆಮೇಲೆ, "ನಲವತ್ತೊಂದಕ್ಕೆ ಬೇರೆ ಕೊಟ್ಟಿಗೆ ಬೇಕಲ್ಲ, ಇವತ್ತೇ ಹಲಗೆ ತರ್ತೀನಿ" ಅಂದ. ಸುದ್ದಿ ಕೇಳಿ ಹೆರ್ದಿಸ್ — ನಮ್ಮ ವಿಭಾಗದ ಮುಖ್ಯಸ್ಥೆ, ಅಳೆದು ತೂಗಿ ಮಾತಾಡುವವಳು — "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಬೇಡ ಅನ್ನು ಅವನಿಗೆ" ಅಂದಳು.

ಸಂಜೆ 6. ಅವಳ ಬಾಯಿಗೆ ಬೀಗ ಹಾಕಬೇಕಿತ್ತು. ವಂಶಾವಳಿ ಕೂಡಿಸಿ ನೋಡಿದೆ. ನಲವತ್ತು ಕುರಿಗೆ ಜೀನು ಬಂದದ್ದು ಗ್ರಾನಿ ಎಂಬ ಒಂದೇ ಟಗರಿನಿಂದ. ಸರಿ. ಉಳಿದ ಒಂದು — ಮೋರಾ, ಎರಡು ವರ್ಷದ ಕಂದು ಕುರಿ. ಹಟ್ಟಿಯ ವಂಶಾವಳಿ ಪುಸ್ತಕದ ಪ್ರಕಾರ ಅದರ ತಾಯಿಗೂ ಜೀನು ಇಲ್ಲ, ತಂದೆಗೂ ಇಲ್ಲ. ಇಬ್ಬರಲ್ಲೂ ಇಲ್ಲದ್ದು ಮಗಳಿಗೆ ಆಕಾಶದಿಂದ ಬಿತ್ತೇ...

ಟ್ಯೂಬು ಅದಲುಬದಲಾಗಿರಬೇಕು. ಅಂದರೆ ನನ್ನ ಕೈ ತಪ್ಪು.

ಅಕ್ಟೋಬರ್ 5

ಹೆರ್ದಿಸ್: "ಆ ಒಂದನ್ನ ಪಟ್ಟಿಯಿಂದ ತೆಗೆದುಬಿಡು. ನಲವತ್ತು ಅಂತ ಕಳಿಸು. ಯಾರು ಕೇಳ್ತಾರೆ?"

"ಟ್ಯೂಬು ಒಂದೇ ಅದಲಾಗಲ್ಲ ಮಾರಾಯ್ತಿ, ಎರಡು ಆಗುತ್ತೆ. ಮೋರಾದ್ದು ತಪ್ಪಾದ್ರೆ ಜೀನು ಇರೋ ಇನ್ಯಾವುದೋ ಕುರಿ ಲಾರಿ ಹತ್ತುತ್ತೆ."

"ಲಾರಿ ಬರೋಕೆ ಹದಿನಾಲ್ಕು ದಿನಾನೂ ಇಲ್ಲ ಸಲ್ವೋರ್."

"ಹದಿಮೂರು ಇದೆ."

ಅವಳು ಕನ್ನಡಕ ಒರೆಸಿಕೊಂಡಳು. ಅದು ಅವಳ ಒಪ್ಪಿಗೆ.

ಅಕ್ಟೋಬರ್ 6, ಶುಕ್ರವಾರ

ಮೇಲರ್‌ಗೆ ಹೋಗಿ ಬಂದೆ. ಬೂಟು ಔಷಧಿ ನೀರಲ್ಲಿ ಅದ್ದಿ ಒಳಗೆ, ಮತ್ತೆ ಅದ್ದಿ ಹೊರಗೆ. ಮೋರಾ, ಅದರ ತಾಯಿ, ತಂದೆ, ಜೊತೆಗೆ ಇಪ್ಪತ್ತು ಕುರಿ — ಎಲ್ಲದರ ಕಿವಿಚೂರು ನಾನೇ ತೆಗೆದು, ನಾನೇ ನಂಬರ್ ಬರೆದು, ಎರಡು ಸಲ ಓದಿದೆ. ಥೋರ್ಕೆಲ್ ಕುರಿ ಹಿಡಿದುಕೊಟ್ಟ. ಯಾಕೆ ಮತ್ತೆ ಅಂತ ಕೇಳಲಿಲ್ಲ. ಅದೇ ಕಷ್ಟವಾಯಿತು.

ಅವನ ಹೆಂಡತಿ ಯೋರುನ್ ಕಾಫಿ, ಸಕ್ಕರೆ ಉದುರಿಸಿದ ತೆಳು ಪ್ಯಾನ್‌ಕೇಕ್ ಕೊಟ್ಟಳು. ಮರಿ ಹಾಕುವ ಕಾಲದ ಪುಸ್ತಕ ಬರೆಯುವವಳು ಅವಳೇ, ನಲವತ್ತು ವರ್ಷದಿಂದ. ಮುತ್ತಿನಂಥ ಅಕ್ಷರ. ಮೋರಾ ಹುಟ್ಟಿದ ಪುಟ ತೋರಿಸು ಅಂದೆ. ತೋರಿಸಿದಳು, ತಟ್ಟನೆ ಮುಚ್ಚಿ ಇನ್ನೊಂದು ಪ್ಯಾನ್‌ಕೇಕ್ ಹಾಕಿದಳು.

ಅಕ್ಟೋಬರ್ 9, ಸೋಮವಾರ

ಅದೇ ಫಲಿತಾಂಶ. ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ ಮೊದಲಿನಂತೆಯೇ. ಮೋರಾಳಲ್ಲಿ ಜೀನು ಇದೆ. ಆದರೆ ಪುಸ್ತಕದ ತಾಯಿ ಅದರ ತಾಯಿಯಲ್ಲ, ತಂದೆಯೂ ತಂದೆಯಲ್ಲ. ಹಿಂಡಿನ ಬೇರೆ ಯಾವ ಕುರಿಗೂ ಹೊಂದುತ್ತಿಲ್ಲ.

ನನ್ನ ಕೈ ತಪ್ಪಿಲ್ಲ. ಖುಷಿಯಿಂದ ಲ್ಯಾಬಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಐದು ನಿಮಿಷ. ಆಮೇಲೆ ಹೊಳೆಯಿತು — ಪಟ್ಟಿ ರೇಕ್ಯಾವಿಕ್‌ನ ಪಶು ಇಲಾಖೆಗೆ ಹೋಗುವುದು ಈ ಪುಸ್ತಕದ ಜೊತೆಗೇ. ಪುಸ್ತಕ ಒಂದು ಕಡೆ ಸುಳ್ಳಾದರೆ ಎಲ್ಲ ಕಡೆ ಅನುಮಾನ. ಆಗ ನಲವತ್ತೊಂದೂ ಲಾರಿಗೆ.

ಅಕ್ಟೋಬರ್ 10

ಯೋರುನ್ ಎದುರು ಕೂತೆ. ಥೋರ್ಕೆಲ್ ಕೊಟ್ಟಿಗೆಯಲ್ಲಿ ಹಲಗೆ ಹೊಡೆಯುವ ಸದ್ದು.

"ಮೋರಾ ಎಲ್ಲಿಂದ ಬಂತು?"

"ಪುಸ್ತಕದಲ್ಲಿ ಇದೆಯಲ್ಲ."

"ಪುಸ್ತಕ ನೋಡೇ ಬಂದಿದ್ದೀನಿ ಯೋರುನ್."

ಹಣೆ ಉಜ್ಜಿಕೊಂಡಳು. ಆಮೇಲೆ ಎಲ್ಲ ಹೇಳಿದಳು. ಎರಡು ವರ್ಷದ ಹಿಂದೆ, ಮೇ ತಿಂಗಳು. ಇವರ ಕುರಿಗೆ ಸತ್ತ ಮರಿ ಹುಟ್ಟಿತು. ಕೆಚ್ಚಲು ಬಿಗಿದು ಅರಚುತ್ತಿತ್ತು. ನದಿಯಾಚೆ ಒಂದು ಕುರಿ ಮರಿ ಹಾಕಿ ಸತ್ತಿತ್ತು. ಯೋರುನ್ ಕಾರಿನಲ್ಲಿ ಸೇತುವೆ ದಾಟಿ, ಆ ತಬ್ಬಲಿ ಮರಿಯನ್ನು ಸ್ವೆಟರಿನೊಳಗೆ ಇಟ್ಟುಕೊಂಡು ಬಂದಳು. ಸತ್ತ ಮರಿಯ ಚರ್ಮ ಸುಲಿದು ಅದಕ್ಕೆ ಅಂಗಿಯಂತೆ ತೊಡಿಸಿದಳು. ವಾಸನೆ ಮೂಸಿ ಕುರಿ ಹಾಲು ಬಿಟ್ಟಿತು. ಮೇಲರ್‌ನ ಗುರುತಿನಂತೆ ಕಿವಿ ಕತ್ತರಿಸಿ, ಹಾಲು ಕೊಟ್ಟ ಕುರಿಯ ಹೆಸರಿನ ಕೆಳಗೆ ಬರೆದಳು.

"ನನ್ನ ಅತ್ತೆಯೂ ಹಂಗೇ ಬರೀತಿದ್ಳು. ಸಾಕಿದೋಳೇ ತಾಯಿ. ಸತ್ತೋಳ ಹೆಸರು ಬರೆದು ಏನು ಉಪ್ಪಿನಕಾಯಿ ಹಾಕೋದಾ?"

ನಮ್ಮ ಕಡೆ ಎಲ್ಲರೂ ತಬ್ಬಲಿಗೆ ಹೀಗೇ ತಾಯಿ ಹೊಂದಿಸುತ್ತಾರೆ, ತಪ್ಪಲ್ಲ. ಆದರೆ ನದಿ ರೋಗದ ಗಡಿ. ದಡದುದ್ದಕ್ಕೂ ಬೇಲಿ ಇರುವುದೇ ಅದಕ್ಕೆ. ಒಂದು ದಿನದ ಮರಿಯೂ ದಾಟುವ ಹಾಗಿಲ್ಲ. ದಾಟಿದೆ ಅಂತ ಗೊತ್ತಾದರೆ ಆಚೆಯ ಹಿಂಡಿನ ಮೇಲೂ ಕಣ್ಣು ಬೀಳುತ್ತದೆ.

"ಯಾರ ಮರಿ?" ಅಂದೆ. ಗೊತ್ತಿದ್ದೇ ಕೇಳಿದೆ. ಸೇತುವೆ ದಾಟಿದ ಕೂಡಲೇ ಸಿಗುವುದು ಒಂದೇ ಹಟ್ಟಿ.

"ನಿನ್ನ ಅಣ್ಣಂದು" ಅಂದಳು. "ಓರ್ಮುರ್‌ದು."

ಅಕ್ಟೋಬರ್ 12, ಗುರುವಾರ

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬಕ್ಕಿಗೆ ಹೋದೆ.

ಮೂರು ವರ್ಷದಿಂದ ಊರಿನವರೆಲ್ಲ ತಮ್ಮ ಕುರಿಗಳ ಕಿವಿಚೂರು ಕೊಟ್ಟಿದ್ದಾರೆ, ಸ್ವಂತ ಅಣ್ಣ ಕೊಟ್ಟಿಲ್ಲ. 'ನನ್ನ ಕುರಿ ನಿನ್ನ ಪಾಠದ ಪುಸ್ತಕ ಅಲ್ಲ' ಅನ್ನುತ್ತಾನೆ. ಇವತ್ತು ಟ್ರ್ಯಾಕ್ಟರ್ ಇಳಿಯದೆಯೇ ನನ್ನ ಮಾತು ಕೇಳಿದ.

"ಸರಿ, ಕೊಟ್ಟೆ ಒಂದು ಮರೀನ. ಸಾಯೋಕೆ ಬಿಡ್ಬೇಕಿತ್ತಾ?"

"ಕೊಟ್ಟಿದ್ದಕ್ಕೆ ಬೈಯೋಕೆ ಬಂದಿಲ್ಲ. ಮೋರಾಳ ತಂದೆ ಟಗರು ಇಲ್ಲೇ ಇದೆಯಲ್ಲ. ಅದರ ಕಿವಿಚೂರು ಹೊಂದಿದ್ರೆ ಪಟ್ಟಿ ಸರಿ ಅಂತ ಆಗುತ್ತೆ. ಥೋರ್ಕೆಲ್‌ಗೆ ನಲವತ್ತೊಂದು ಉಳಿಯುತ್ತೆ."

"ನನಗೆ?"

ಹೇಳಿದೆ. ಮುಚ್ಚಿಡಲಿಲ್ಲ. ಇಲಾಖೆಯವರು ಬರ್ತಾರೆ, ಎಲ್ಲ ಕುರಿಯ ಕಿವಿಚೂರೂ ತಗೋತಾರೆ, ಮುದಿ ಕುರಿ ಐದಾರು ಕೊಯ್ದು ಮಿದುಳು ನೋಡ್ತಾರೆ. ರೋಗ ಇಲ್ಲದಿದ್ದರೆ ಏನಿಲ್ಲ. ಇದ್ದರೆ...

"ರೋಗ ಬಂದಿದ್ದು ಅವನ ಹಟ್ಟಿಗೆ, ತಪಾಸಣೆ ನನ್ನ ಹಟ್ಟಿಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ." ಇಂಜಿನ್ ಆರಿಸಿದ. "ಸಲ್ವೋರ್, ಆ ಒಂದು ಕುರೀನ ಪಟ್ಟಿಯಿಂದ ತೆಗಿ. ಪುಸ್ತಕ ಸರಿಯಾಗುತ್ತೆ. ಮುಗೀತು."

"ಆಗಲ್ಲ."

"ಯಾಕಾಗಲ್ಲ?"

"ನನಗೆ ಗೊತ್ತಾಗಿದೆಯಲ್ಲ, ಅದಕ್ಕೆ. ನಿನ್ನ ಹಟ್ಟಿಯಲ್ಲಿ ರೋಗ ಇದ್ರೆ ಬೇಸಿಗೆಗೆ ಬೆಟ್ಟ ಹತ್ತುತ್ತೆ, ಇಡೀ ಊರಿನ ಕುರಿ ಜೊತೆ ಮೇಯುತ್ತೆ."

ಆಗ ಹೇಳಿದ. ನಲವತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು. "ಅಪ್ಪನ ಕುರೀನ ಇಲಾಖೆಯವರು ಹಿಡಿದ್ರು ಅಂದ್ಕೊಂಡಿದ್ದೀಯ ಅಲ್ವಾ? ಅಪ್ಪನೇ ಫೋನ್ ಮಾಡಿ ಕರೆಸಿದ್ದು. ಒಂದು ಕುರಿ ನಡುಗೋದು ನೋಡಿದ್ವಿ, ನಾನೂ ಅವನೂ. ಬೇಡ ಅಪ್ಪ ಅಂತ ಕಾಲು ಹಿಡಿದೆ. ನನಗೆ ಹದಿನಾಲ್ಕು. ಆಮೇಲೆ ಅವನ ಜೊತೆ ಸರಿಯಾಗಿ ಮಾತಾಡಿದ್ದೇ ಇಲ್ಲ, ಸಾಯೋವರೆಗೂ. ಈಗ ನೀನು."

ಕಾರಿನಲ್ಲಿ ಸೇತುವೆ ತನಕ ಬಂದು ನಿಲ್ಲಿಸಿ ಅತ್ತೆ. ನಂತರ ಲ್ಯಾಬಿಗೆ ಬಂದೆ.

ಅಕ್ಟೋಬರ್ 13, ಶುಕ್ರವಾರ

ಕಾಗದ ಬರೆದು ಇಲಾಖೆಗೆ ಇಮೇಲ್ ಮಾಡಿದೆ. ಮೋರಾ, ಯೋರುನ್, ಓರ್ಮುರ್ — ಎಲ್ಲ ಹೆಸರು. 'ಬಕ್ಕಿಯ ಮಾಲೀಕ ನನ್ನ ಅಣ್ಣ, ಆದ್ದರಿಂದ ಅಲ್ಲಿನ ಟ್ಯೂಬು ನಾನು ಮುಟ್ಟುವುದಿಲ್ಲ' ಎಂದೂ ಬರೆದೆ. ಕಳಿಸುವ ಮುಂಚೆ ಹೆರ್ದಿಸ್ ಪೂರ್ತಿ ಓದಿ, ಏನೂ ತಿದ್ದದೆ ಸಹಿ ಹಾಕಿದಳು. ಅವಳು ಏನನ್ನೂ ತಿದ್ದದೆ ಇದ್ದದ್ದು ಇದೇ ಮೊದಲು.

ಮಧ್ಯಾಹ್ನ 3. ಉತ್ತರ ಬಂತು. ಮೋರಾಳ ತಂದೆ ಸಾಬೀತಾಗುವವರೆಗೆ ಮೇಲರ್ ಪಟ್ಟಿಗೆ ಮಾನ್ಯತೆ ಇಲ್ಲ. ಬಕ್ಕಿಯ ಮಾಲೀಕ ಒಪ್ಪಿದರೆ ಸೋಮವಾರವೇ ಬರುತ್ತಾರೆ. ಒಪ್ಪದಿದ್ದರೆ ನೋಟಿಸು, ಅದಕ್ಕೆ ಮೂರು ವಾರ. ಲಾರಿ ಹದಿನೆಂಟಕ್ಕೇ. ನೆಲ ಹೆಪ್ಪುಗಟ್ಟಿದರೆ ಹೂಳಲಾಗದು.

ಅಂದರೆ ಓರ್ಮುರ್ ಬಾಗಿಲು ತೆರೆಯಬೇಕು. ಫೋನ್ ಎತ್ತುತ್ತಿಲ್ಲ.

ಅಕ್ಟೋಬರ್ 15, ಭಾನುವಾರ

ಬಕ್ಕಿ. ಕೊಟ್ಟಿಗೆಗೆ ಬೀಗ. ಈ ಕಡೆ ಮನೆಗೇ ಬೀಗ ಹಾಕುವವರಿಲ್ಲ, ಇವನು ಕುರಿಗೆ ಹಾಕಿದ್ದಾನೆ. ಮೆಟ್ಟಿಲ ಮೇಲೆ ಕೂತೆ. ಅಡುಗೆಮನೆ ಕಿಟಕಿಯಲ್ಲಿ ಕಾಣಿಸಿದ, ಮರೆಯಾದ. ಒಂದು ಗಂಟೆ. ಎರಡು. ಆಲಿಕಲ್ಲು ಬಿತ್ತು, ನಿಂತಿತು. ಕೊನೆಗೆ ಒಣಮೀನು, ಬೆಣ್ಣೆ ತಂದು ಪಕ್ಕದಲ್ಲಿಟ್ಟ.

"ಹಠಮಾರಿ."

"ಒಂದೇ ಹೊಟ್ಟೆಯವರು."

"ಇಲ್ಲೇ ಕೂತಿರ್ತೀಯಾ?"

"ನಾಳೆ ಅವರು ಬರೋವರೆಗೂ. ನನ್ನ ಮೇಲೆ ಸಿಟ್ಟಿದ್ರೆ ನನ್ನ ಮೇಲೇ ಇರಲಿ, ಓರ್ಮುರ್. ಥೋರ್ಕೆಲ್ ಹಲಗೆ ಹೊಡೀತಿದ್ದಾನೆ, ನಲವತ್ತೊಂದಕ್ಕೆ ಅಂತ. ಹೋಗಿ ಅವನಿಗೆ ಹೇಳೋಕೆ ನಿನ್ನಿಂದ ಆಗುತ್ತಾ? ನನ್ನಿಂದ ಆಗಲ್ಲ."

ಮೀನು ಮುರಿದು ಅರ್ಧ ತಾನೇ ತಿಂದ. ಮನೆಗೆ ಹೋಗು, ಶೀತ ಆಗುತ್ತೆ ಅಂದ. ಬೀಗ ಮಾತ್ರ ತೆಗೆಯಲಿಲ್ಲ. ಕೈಬೆರಳು ಚಳಿಗೆ ಸೆಟೆದ ಮೇಲೆ ಕೊನೆಗೆ ಹೊರಟೆ. ನಾಚಿಕೆಯಾಗುತ್ತಿದೆ.

ಅಕ್ಟೋಬರ್ 16, ಸೋಮವಾರ

ಬೆಳಗ್ಗೆ 9.20. ಓರ್ಮುರ್ ಇನ್ನೂ ಒಪ್ಪಿಲ್ಲ, ಬಾಗಿಲಲ್ಲೇ ಕೇಳಿ ನೋಡೋಣ ಅಂತ ಹೆರ್ದಿಸ್ ಇಲಾಖೆಯವರ ಜೊತೆ ಹೋಗಿದ್ದಾಳೆ. ನಾನು ಬೇಲಿಯ ಗೇಟಿನ ಹತ್ತಿರ ಕಾರಿನಲ್ಲಿ. ಒಳಗೆ ಹೋಗಬಾರದು.

ಸಂಜೆ. ಹತ್ತಕ್ಕೆ ಓರ್ಮುರ್ ಫೋನ್. "ಎಲ್ಲಿ ಸತ್ತಿದ್ದೀಯಾ? ನಿಮ್ಮ ಪೇಟೆಯವರಿಗೆ ಕುರಿ ಹಿಡಿಯೋಕೆ ಬರಲ್ಲ. ಬಾ." ನಾನು ಟ್ಯೂಬು ಮುಟ್ಟೋ ಹಾಗಿಲ್ಲ ಅಂದೆ. "ಟ್ಯೂಬು ಯಾರು ಮುಟ್ಟು ಅಂದ್ರು? ಕುರಿ ಹಿಡಿ."

ಬೀಗ ತೆಗೆದಿತ್ತು. ಮೊದಲು ತಂದ ಟಗರನ್ನು ಅವನೇ ಕೊಂಬು ಹಿಡಿದು ಇಲಾಖೆಯ ಡಾಕ್ಟರ ಮುಂದೆ ನಿಲ್ಲಿಸಿದ. "ಇದು ಮೋರಾಳ ಅಪ್ಪ. ಮರಿ ಕೊಟ್ಟವನು ನಾನು. ಯೋರುನ್ ಕೇಳಿರಲಿಲ್ಲ, ನಾನೇ ಫೋನ್ ಮಾಡಿ ಕರೆದೆ. ಹಾಗಂತ ಬರ್ಕೊಳ್ಳಿ." ಡಾಕ್ಟರು ಬರೆದುಕೊಂಡರು. ಇನ್ನೂರ ಆರು ಕುರಿ ಹಿಡಿದೆವು, ಇಬ್ಬರೂ. ಸೊಂಟ ಹೋಗಿದೆ.

ಅಕ್ಟೋಬರ್ 17

ಹೊಂದಿತು. ಜೀನು ಬಂದಿದ್ದು ಆ ಟಗರಿನಿಂದಲೇ. ಪಟ್ಟಿಗೆ ಮಾನ್ಯತೆ. ನಲವತ್ತೊಂದು.

ಅಕ್ಟೋಬರ್ 18, ಬುಧವಾರ

ಮೇಲರ್. ಇನ್ನೂರ ತೊಂಬತ್ತೊಂಬತ್ತು ಹೋದವು. ಥೋರ್ಕೆಲ್ ಒಂದೊಂದರ ಬೆನ್ನು ಮುಟ್ಟಿ ಹತ್ತಿಸಿದ. ಯೋರುನ್ ಒಳಗೇ ಇದ್ದಳು. ಬರೆಯಲು ಇನ್ನೇನೂ ಇಲ್ಲ.

ಅಕ್ಟೋಬರ್ 25, ಬುಧವಾರ

ಒಂದು ವಾರದಿಂದ ಓರ್ಮುರ್ ದಿನಾ ಬೆಳಗ್ಗೆ ಫೋನ್ ಮಾಡಿ ಹವಾಮಾನ ಹೇಳುತ್ತಿದ್ದ. ಇಲ್ಲಿಂದ ಹನ್ನೆರಡು ಕಿಲೋಮೀಟರು, ಅದೇ ಗಾಳಿ. ಬೇರೇನೂ ಕೇಳುತ್ತಿರಲಿಲ್ಲ.

ಮಧ್ಯಾಹ್ನ 2.10. ಹೆರ್ದಿಸ್ ಬಕ್ಕಿಯ ಮುದಿ ಕುರಿಗಳ ಮಿದುಳಿನ ವರದಿ ಮೇಜಿನ ಮೇಲಿಟ್ಟಳು. ನಾನೇ ಹೇಳ್ಲಾ ಅವನಿಗೆ ಅಂದಳು. ಬೇಡ ಅಂದೆ.

ಒಂದೇ ರಿಂಗಿಗೆ ಎತ್ತಿದ.

"ಒಂದರಲ್ಲಿ ಸಿಕ್ಕಿದೆ ಓರ್ಮುರ್. ಎಂಟು ವರ್ಷದ ಕುರಿ. ಇನ್ನೂ ನಡುಕ ಶುರುವಾಗಿರಲಿಲ್ಲ."

ಫೋನ್ ಇಡುತ್ತಾನೆ ಅಂದುಕೊಂಡೆ. ಇಡಲಿಲ್ಲ.

"ಎಷ್ಟು ಉಳೀತಾವೆ?"

"ಐವತ್ತೆಂಟು."

"ಐವತ್ತೆಂಟಾ?"

"ಆ ಟಗರಿನ ಮಕ್ಕಳು, ಮೊಮ್ಮಕ್ಕಳು. ಇಡೀ ಜಿಲ್ಲೆಯಲ್ಲಿ ಯಾರ ಹಟ್ಟಿಯಲ್ಲೂ ಇಷ್ಟಿಲ್ಲ."

ಕುರ್ಚಿ ಎಳೆದ ಸದ್ದು. ಡ್ರಾಯರ್ ತೆಗೆದ ಸದ್ದು. "ತಡಿ, ಪೆನ್ಸಿಲ್ ತಗೋತೀನಿ. ಹ್ಞಾಂ. ಹೆಸರು ಹೇಳು. ನಂಬರ್ ಬೇಡ, ಹೆಸರು."

ಓದತೊಡಗಿದೆ. ಸುರ್ತ್ಲಾ ಅಂದೆ. ಹೂಂ ಅಂದ. ಗೋಲ್ಸಾ. ಹೂಂ. ಬಿಲ್ದಾ. ಪೆನ್ಸಿಲ್ ಗೀಚುವ ಸದ್ದು ನಿಂತಿತು, ಮತ್ತೆ ಶುರುವಾಯಿತು. ಮುಂದೆ ಹೇಳೇ ಅಂದ. ಫ್ಲೆಕ್ಕಾ. ಹೂಂ. ಹ್ರೆಫ್ನಾ —