ನೀಲಿ ಛತ್ರಿಯವರ ಹಿಂದಿನ ಜಾಗ ನಮ್ಮದು

ಮನೋರಂಜನಾ ಉದ್ಯಾನದ ಸರದಿ ನಿರ್ವಹಣಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಎಂಟು ವರ್ಷದ ಹುಡುಗಿಯೊಬ್ಬಳು ಮೂರು ಗಂಟೆ ಬಿಸಿಲಲ್ಲಿ ನಿಂತು ಕಾದ ಆಟವನ್ನು ನೀವು ಅವಳ ಕಣ್ಣೆದುರೇ, ಮೂರು ನಿಮಿಷವೂ ಕಾಯದವರಿಗೆ ಮಾರಿದ್ದೀರಿ. ಆ ಹುಡುಗಿ ನನ್ನ ಮೊಮ್ಮಗಳು. ನನ್ನ ದೂರು ಇಷ್ಟೇ. ಇದನ್ನು ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುವ ಚಪಲ ನನಗಿರಲಿಲ್ಲ. ಮೊದಲು ನಿಮಗೇ ಬರೆದೆ. ಏಳು ವಾರದ ಮೇಲೆ ಉತ್ತರ ಬಂತು: "ನಿಮ್ಮ ದೂರು ಸರದಿಯಲ್ಲಿದೆ. ನಿಮ್ಮ ಮುಂದೆ 4,216 ದೂರುಗಳಿವೆ. ಶೀಘ್ರ ಉತ್ತರಕ್ಕಾಗಿ ಚಿನ್ನದ ಪಾಸ್ ಪಡೆಯಿರಿ." ಸರದಿ ತಪ್ಪಿಸುವವರ ಮೇಲೆ ದೂರು ಕೊಡಲು ಸರದಿ ತಪ್ಪಿಸಬೇಕಂತೆ! ಓದಿ ಬಿದ್ದು ಬಿದ್ದು ನಕ್ಕೆ, ಆಮೇಲೆ ಮೈಯೆಲ್ಲ ಉರಿಯಿತು. ಅದಕ್ಕೇ ಪತ್ರಿಕೆಯ ದಾರಿ ಹಿಡಿದಿದ್ದೇನೆ. ಇದೂ ಒಂದು ರೀತಿಯಲ್ಲಿ ಸಾಲು ಮುರಿದು ನುಗ್ಗಿದಂತೆಯೇ, ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಕಟಿಂಗ್ ಶಾಪ್ ಇಟ್ಟುಕೊಂಡು ಮೂವತ್ತನಾಲ್ಕು ವರ್ಷವಾಯಿತು. ಎರಡು ಕುರ್ಚಿ, ಉದ್ದನೆಯ ಕನ್ನಡಿ, ಹಿಂದೆ ಗೋಡೆಗೆ ತಾಗಿ ಆರು ಜನ ಕೂರುವ ಬೆಂಚು. ಸರದಿ ನಿರ್ವಹಣೆ ಎಂಬ ಘನವಾದ ಹೆಸರಿನ ಉದ್ಯೋಗವನ್ನು ನಾನೂ ಮಾಡುತ್ತಿದ್ದೇನೆಂದು ನಿಮ್ಮ ಬೋರ್ಡು ಓದುವವರೆಗೆ ನನಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಟೋಕನ್ ಇಲ್ಲ, ಯಂತ್ರ ಇಲ್ಲ. ಒಳಗೆ ಬಂದವರು "ಕೊನೆಗೆ ಯಾರು?" ಅನ್ನುತ್ತಾರೆ, ಒಬ್ಬರು ಕೈ ಎತ್ತುತ್ತಾರೆ, ಆ ಮುಖ ನೆನಪಿಟ್ಟುಕೊಂಡರೆ ಮುಗಿಯಿತು. ನಡುವೆ ಟೀ ಕುಡಿದು ಬರಬೇಕೆಂದರೆ ಬೆಂಚಿನ ಮೇಲೆ ಏನಾದರೂ ಇಟ್ಟು ಹೋಗುತ್ತಾರೆ: ಪೇಪರು, ಟೋಪಿ, ಕೈಗೆ ಸಿಕ್ಕಿದ್ದು. ಒಮ್ಮೆ ಒಬ್ಬರು ಹೂಕೋಸು ಇಟ್ಟು ಹೋದರು. ಬ್ಯಾಂಕ್ ಮ್ಯಾನೇಜರು ಬಂದು ಅದರ ಪಕ್ಕ ಕೂತರು. ಕುರ್ಚಿ ಖಾಲಿಯಾದಾಗ "ಬನ್ನಿ ಸಾರ್" ಎಂದು ಕರೆದರೆ, "ಇಲ್ಲಪ್ಪ, ಹೂಕೋಸು ಆದ್ಮೇಲೆ ನಾನು" ಅಂದರು. ಅಷ್ಟು ದೊಡ್ಡ ಮನುಷ್ಯರು ಹೂಕೋಸಿಗೆ ಕೊಟ್ಟ ಮರ್ಯಾದೆಯನ್ನು ನೀವು ನನ್ನ ಮೊಮ್ಮಗಳಿಗೆ ಕೊಡಲಿಲ್ಲ, ಸ್ವಾಮಿ.

ನಿಮ್ಮ ದರದ ವಿಷಯಕ್ಕೆ ಬರೋಣ. ನನಗೆ ತಲೆಯ ಲೆಕ್ಕ ಮಾತ್ರ ಬರುವುದು. ಐದು ವರ್ಷದ ಹಿಂದೆ ನೀವು ಬೇಗ ಹೋಗುವ ಪಾಸ್ ಶುರು ಮಾಡಿದಾಗ ಅದಕ್ಕೆ ನಾನು ಮೂರು ತಲೆ ಕತ್ತರಿಸಿದರೆ ಸಾಕಿತ್ತು. ಮರುವರ್ಷ ಐದಾಯಿತು. ಆಮೇಲೆ ಒಂಬತ್ತು. ಈ ಸಲ ಹದಿನಾಲ್ಕು ತಲೆ ಮತ್ತು ಒಂದು ಗಡ್ಡ! ಅದೂ ಒಬ್ಬರಿಗೆ, ಒಂದು ಆಟಕ್ಕೆ, ಒಳಗೆ ಬರುವ ಟಿಕೆಟ್ ಬೇರೆ. ತಲೆ ಬೋಳಿಸುವುದು ನನ್ನ ಕಸುಬು ಎಂದುಕೊಂಡಿದ್ದೆ. ನಿಮ್ಮ ಕೈಚಳಕದ ಮುಂದೆ ನಾನಿನ್ನೂ ಕತ್ತರಿ ಹಿಡಿಯಲು ಕಲಿಯುತ್ತಿರುವವನು. ಪಾಸ್ ಕೊಂಡವರ ಸಾಲೇ ಉದ್ದವಾಯಿತೆಂದು, ಬೆಳ್ಳಿಯವರನ್ನು ದಾಟಲು ಚಿನ್ನ ತಂದಿರಿ. ಚಿನ್ನದವರನ್ನು ದಾಟಲು ಈಗ ವಜ್ರವಂತೆ. ವಜ್ರದವರ ಸಾಲೂ ಬೆಳೆದ ಮೇಲೆ ಏನು ಮಾಡುತ್ತೀರಿ? ಮನೆಯಿಂದ ಹೊರಡದವರಿಗೆ ಎಲ್ಲಕ್ಕಿಂತ ದುಬಾರಿ ಪಾಸ್ ಮಾರುತ್ತೀರಾ?

ಈಗ ಮೊಮ್ಮಗಳ ವಿಷಯ. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಮನೆಮಂದಿಯೆಲ್ಲ ಚೋಟಿ ಅನ್ನುತ್ತೇವೆ. ನಿಮ್ಮ ಸುಂಟರಗಾಳಿ ಎಂಬ ರೈಲು ಹತ್ತಲು ನಾಲ್ಕಡಿ ಎತ್ತರ ಇರಬೇಕು. ಎರಡು ವರ್ಷದ ಹಿಂದೆ ಗೇಟಿನಲ್ಲಿ ಅಳತೆಕೋಲಿಗೆ ನಿಲ್ಲಿಸಿ, "ಇನ್ನೂ ಸ್ವಲ್ಪ ಬೆಳೀಬೇಕು ಪುಟ್ಟಿ" ಎಂದು ನಿಮ್ಮವರು ವಾಪಸ್ ಕಳಿಸಿದರು. ಅದು ನ್ಯಾಯವೇ, ಒಪ್ಪಿದೆವು. ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಅಂಗಡಿಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ನಾನು ಬಾಚಣಿಗೆಯನ್ನು ತಲೆಯ ಮೇಲೆ ಅಡ್ಡ ಇಟ್ಟು ಪೆನ್ಸಿಲ್‌ನಿಂದ ಗೆರೆ ಎಳೆಯುತ್ತಿದ್ದೆ. ಎತ್ತರ ಕಾಣಲೆಂದು ಕೂದಲು ಕತ್ತರಿಸಿಕೊಳ್ಳುವುದನ್ನೇ ಬಿಟ್ಟಿದ್ದಳು.

"ಅಜ್ಜ, ಬಾಚಣಿಗೆ ಒತ್ತಬೇಡ."

"ಒತ್ತಿಲ್ಲ ಕಣೇ. ನೀನು ಹಿಮ್ಮಡಿ ಇಳಿಸು ಮೊದಲು."

ಇಪ್ಪತ್ತಮೂರು ಗೆರೆಗಳಾದ ಮೇಲೆ ಇಪ್ಪತ್ತನಾಲ್ಕನೆಯದು ನಾಲ್ಕಡಿ ದಾಟಿತು. ಆ ದಿನ ಬೆಂಚಿನ ಮೇಲಿದ್ದವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಅರ್ಧ ಗಡ್ಡ ಕೆರೆಸಿಕೊಂಡಿದ್ದವರೊಬ್ಬರೂ ನೊರೆ ಸಮೇತ ಎದ್ದು ಬಂದರು. ಅಂಗಡಿಗೆ ಒಂದು ದಿನ ಬಾಗಿಲು ಹಾಕಿ, ಅವಳನ್ನು ಕರೆದುಕೊಂಡು ನಿಮ್ಮಲ್ಲಿಗೆ ಬಂದೆ.

ಸಾಮಾನ್ಯರ ಸಾಲಿಗೆ ಸೇರಿದಾಗ ಒಂದೂ ಮುಕ್ಕಾಲು. ನಮ್ಮ ಮುಂದೆ ನೀಲಿ ಛತ್ರಿ ಹಿಡಿದ ಒಬ್ಬ ಟೀಚರಮ್ಮ, ಹಿಂದೆ ಅವಳಿ ಮಕ್ಕಳನ್ನು ಎರಡೂ ತೋಳಿಗೆ ನೇತುಹಾಕಿಕೊಂಡ ಒಬ್ಬ ಅಪ್ಪ. ಪಕ್ಕದಲ್ಲಿ ಪಾಸಿನವರ ದಾರಿ: ನೆರಳು, ಹೂಕುಂಡ, ತಂಪು ಗಾಳಿಯ ಫ್ಯಾನು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಅವರು ಒಳಗೆ ಹೋಗುತ್ತಿದ್ದರು. ಚೋಟಿ ಎಣಿಸುತ್ತಿದ್ದಳು. ರೈಲಿನಲ್ಲಿ ಇಪ್ಪತ್ತು ಸೀಟು, ಹದಿನಾರು ಅವರಿಗೆ, ನಾಲ್ಕು ನಮಗೆ. ಆದರೂ ಗೊಣಗಲಿಲ್ಲ. ಎರಡು ವರ್ಷ ಕಾದವಳಿಗೆ ಇದೇನು ಮಹಾ? ನಾಲ್ಕೂ ಇಪ್ಪತ್ತಕ್ಕೆ ನನ್ನ ಅಂಗಿ ಜಗ್ಗಿ ಕಿವಿಯಲ್ಲಿ, "ಅಜ್ಜ, ಅರ್ಜೆಂಟು" ಅಂದಳು. ಸಾಲಿನಲ್ಲಿ ನಿಂತು ಎರಡೂವರೆ ಗಂಟೆ ದಾಟಿತ್ತು, ಮಗು ಪಾಪ ಇನ್ನೆಷ್ಟು ತಡೆದೀತು?

ಇಲ್ಲಿ ನಾನೊಂದು ತಪ್ಪು ಮಾಡಿದೆ. ಕಟಿಂಗ್ ಶಾಪಿನವನು ಮಾತ್ರ ಮಾಡುವ ತಪ್ಪು. ಹೆಗಲ ಮೇಲಿನ ಟವೆಲ್ ತೆಗೆದು ನಮ್ಮ ಜಾಗದ ಕಂಬಿಯ ಮೇಲೆ ಹಾಸಿದೆ. "ಈಗ ಬಂದ್ವಿ, ಸ್ವಲ್ಪ ನೋಡ್ಕೊಳ್ಳಿ ಅಮ್ಮ" ಅಂದೆ. "ಹೋಗಿ ಬನ್ನಿ, ನಾನಿದೀನಿ" ಅಂದರು ಛತ್ರಿಯವರು. ನೆಮ್ಮದಿಯಾಗಿ ಹೋದೆ. ಹನ್ನೆರಡು ನಿಮಿಷಕ್ಕೆ ಬಂದು ನೋಡಿದರೆ ಟವೆಲ್ ಇಲ್ಲ! ವಾರಸುದಾರರಿಲ್ಲದ ವಸ್ತುವೆಂದು ಎತ್ತಿ, ಚೀಟಿ ಅಂಟಿಸಿ, ಕಳೆದುಹೋದ ಸಾಮಾನುಗಳ ಕೌಂಟರಿಗೆ ಕಳಿಸಿದ್ದರಂತೆ. ನಮ್ಮನ್ನು ಕಂಬಿಯ ಹೊರಗೇ ನಿಲ್ಲಿಸಿದರು.

"ಹೊರಗೆ ಹೋದ್ರೆ ಮತ್ತೆ ಕೊನೆಯಿಂದಲೇ ಬರಬೇಕು ಅಜ್ಜ" ಅಂದರು ಕಾವಲಿನವರು.

"ಇವರು ಇಲ್ಲೇ ಇದ್ರು ಕಣ್ರೀ! ನನ್ನ ಹಿಂದೇನೇ!" ಎಂದು ಛತ್ರಿಯವರು ಜೋರು ಮಾಡಿದರು. ಅವಳಿಗಳ ಅಪ್ಪ, "ಹೌದು ಸಾರ್, ನಾವು ಇವರ ಹಿಂದೆ, ಬಿಡಿ ಪಾಪ" ಅಂದರು. ಸಾಲಿಗೆ ಸಾಲೇ ಸಾಕ್ಷಿ ಹೇಳಿತು. ಕೊನೆಗೆ ಆ ಟೀಚರಮ್ಮ, "ಆಯ್ತು, ನಾನು ಹೋಗಲ್ಲ. ನನ್ನ ಜಾಗ ಈ ಮಗೂಗೆ ಕೊಡಿ" ಅಂದರು. ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ ಎಂಬ ನಿಯಮ ಹೊರಬಿತ್ತು. ಅಬ್ಬಾ! ಪಕ್ಕದ ದಾರಿಯಲ್ಲಿ ನೀವು ಬೆಳಗಿನಿಂದ ಮಾರುತ್ತಿದ್ದದ್ದು ಮತ್ತೇನು? ಮಾರಬಹುದು, ಸುಮ್ಮನೆ ಕೊಡಬಾರದು, ಅಲ್ಲವೇ? ಕಾವಲಿನವರು ಕೆಟ್ಟವರಲ್ಲ. ದನಿ ತಗ್ಗಿಸಿ, "ಅಜ್ಜ, ನಿಮ್ಮ ಮುಖ ನಂಗೂ ನೆನಪಿದೆ. ಆದ್ರೆ ನಂಗೆ ನೆನಪಿದ್ದು ಏನು ಪ್ರಯೋಜನ, ಇದಕ್ಕೆ ನೆನಪಿರಬೇಕು" ಎಂದು ಗೇಟಿನ ಯಂತ್ರ ತೋರಿಸಿದರು.

ಕೊನೆಗೆ ಹೋಗಿ ನಿಂತೆವು. ಐದು ಗಂಟೆಗೆ ಸಾಮಾನ್ಯರ ಸಾಲು ಮುಚ್ಚಿತು. ಪಾಸಿನವರದು ಆರರವರೆಗೂ ನಡೆಯಿತು. ಐದಕ್ಕೆ ಐದು ನಿಮಿಷವಿದ್ದಾಗ ನೀಲಿ ಛತ್ರಿಯವರು ರೈಲು ಹತ್ತಿದ್ದನ್ನು ಚೋಟಿ ದೂರದಿಂದ ನೋಡಿದಳು. ಅವರ ಪಕ್ಕದ ಸೀಟು ಅವಳದಾಗಬೇಕಿತ್ತು. ಅವಳು ಅತ್ತಿದ್ದರೆ ಐಸ್‌ಕ್ರೀಮ್ ಕೊಡಿಸಿ ಮರೆಸಿಬಿಡುತ್ತಿದ್ದೆ. ಅಳಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಬೆರಳು ಮಡಿಸುತ್ತಾ ಏನೋ ಲೆಕ್ಕ ಹಾಕುತ್ತಿದ್ದಳು.

ಅದು ಏನು ಲೆಕ್ಕವೆಂದು ಎರಡು ವಾರದ ನಂತರ ತಿಳಿಯಿತು. ಭಾನುವಾರ, ಬೆಂಚು ಭರ್ತಿ. ಬೆಂಚಿನ ಆ ತುದಿಯಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಮುಕ್ಕಾಲು ಗಂಟೆಯಿಂದ ಕೂತಿದ್ದರು, ಮುಂದಿನ ಸರದಿ ಅವರದೇ. ನಾನು ಕುರ್ಚಿ ಒರೆಸಿ ತಿರುಗಿದರೆ, ಆಗಷ್ಟೇ ಬಂದ, ಬೆರಳಲ್ಲಿ ಕಾರಿನ ಕೀಲಿ ತಿರುಗಿಸುತ್ತಿದ್ದ ಮನುಷ್ಯ ಬಂದು ಕೂತುಬಿಟ್ಟ. ಕೈಯಲ್ಲಿ ಬ್ಲೇಡಿನ ಡಬ್ಬಿ ಕತ್ತರಿಸಿ ಮಾಡಿದ ಚೀಟಿ. ಅದರ ಮೇಲೆ ಚಿನ್ನದ ಬಣ್ಣದ ಪೆನ್ನಿನಲ್ಲಿ 'ಬೇಗ' ಎಂದು ಚೋಟಿಯ ಅಕ್ಷರ. ಪೋಸ್ಟ್‌ಮ್ಯಾನ್ ಎದ್ದು, ಚಪ್ಪಲಿ ಮೆಟ್ಟಿ, ಹೊರಟೇಹೋದರು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಬೆಂಚಿನಿಂದ ಯಾರೂ ಹಾಗೆ ಎದ್ದು ಹೋದವರಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಏನೇ ಇದು?" ಎಂದು ಚೋಟಿಯನ್ನು ಕೇಳಿದೆ.

"ಇವರು ದುಡ್ಡು ಕೊಟ್ರು ಅಜ್ಜ. ಪೋಸ್ಟಜ್ಜ ಕೊಡ್ಲಿಲ್ಲ. ಹಾಗೇ ಅಲ್ವಾ?"

ಬೈಯಲು ಹೊರಟೆ. ಆದರೆ ಹಾಗೇ ಅಲ್ಲ ಎಂದು ಹೇಳಲು ನನ್ನ ಬಳಿ ಏನು ಸಾಕ್ಷಿ ಇತ್ತು, ಮಾನ್ಯರೇ? ಅವಳು ಕಣ್ಣಾರೆ ಕಂಡಿದ್ದಳಲ್ಲ!

ನಿಮ್ಮ ಕರಪತ್ರ ಹೇಳುತ್ತದೆ, ನೀವು ಜನರ ಸಮಯ ಉಳಿಸುತ್ತೀರಂತೆ. ಯಾರ ಕಿವಿಗೆ ಹೂವು ಇಡುತ್ತೀರಿ? ಒಬ್ಬರಿಗೆ ಉಳಿಸಿದ ಗಂಟೆಯನ್ನು ನೀವು ಕಾರ್ಖಾನೆಯಲ್ಲಿ ತಯಾರಿಸಿದ್ದಲ್ಲ, ಪಕ್ಕದ ಸಾಲಿನವರಿಂದ ಕಿತ್ತದ್ದು. ನಮ್ಮ ಸಾಲು ಉದ್ದವಾದಷ್ಟೂ ನಿಮ್ಮ ಪಾಸಿಗೆ ಗಿರಾಕಿ ಹೆಚ್ಚು. ನಾನೂ ಹಾಗೆ ಬೇಕೆಂದೇ ಕತ್ತರಿ ನಿಧಾನ ಮಾಡಿ, ಬೆಂಚು ತುಂಬಿಸಿ, ಬೇಸತ್ತವರಿಗೆ ಕುರ್ಚಿ ಮಾರಿದರೆ ನೀವು ಏನೆಂದು ಕರೆಯುತ್ತೀರಿ? ನಮ್ಮಲ್ಲೂ ಅವಸರದವರು ಬರುತ್ತಾರೆ: ಕೆಲಸದ ಸಂದರ್ಶನ ಇರುವವರು, ಆಸ್ಪತ್ರೆಗೆ ಓಡಬೇಕಾದವರು. ಅವರು ಬೆಂಚಿನ ಮುಂದೆ ನಿಂತು, ಮುಖ ನೋಡಿ ಕೇಳುತ್ತಾರೆ. ಬೆಂಚು ಹೂಂ ಅನ್ನುತ್ತದೆ, ಕೆಲವೊಮ್ಮೆ ಛೇಡಿಸಿ ಹೂಂ ಅನ್ನುತ್ತದೆ. ನಿಮ್ಮ ಪಾಸಿನವರು ಕೇಳುವುದು ಹಾಗಿರಲಿ, ತಾವು ಯಾರನ್ನು ದಾಟಿದೆವೆಂದು ನೋಡುವಂತೆಯೂ ಇಲ್ಲ. ನಡುವೆ ಹೂಕುಂಡ ಇಟ್ಟಿದ್ದೀರಿ.

ಆ ಸಂಜೆ ಚೋಟಿಯನ್ನು ಕರೆದುಕೊಂಡು ಪೋಸ್ಟ್‌ಮ್ಯಾನ್ ಮನೆಗೆ ಹೋದೆ. ಅವಳು ಬಾಗಿಲಲ್ಲೇ, "ತಪ್ಪಾಯ್ತು" ಅಂದಳು. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಾಳೆ ಬರ್ತೀನಿ. ನನ್ನ ಜಾಗ ಇಟ್ಟಿರು" ಅಂದರು, ಅಷ್ಟೇ. ಮರುದಿನ ಶಾಲೆಗೆ ರಜೆ. ಬೆಳಿಗ್ಗೆ ಎಂಟಕ್ಕೇ ಬೆಂಚಿನ ಮೇಲೆ ಇನ್ನೊಂದು ಟವೆಲ್ ಹಾಸಿ, ಅದರ ಪಕ್ಕ ಕಾವಲು ಕೂತಳು. ಯಾರು ಬಂದರೂ, "ಇಲ್ಲಿ ಪೋಸ್ಟಜ್ಜ ಇದಾರೆ" ಅನ್ನುತ್ತಿದ್ದಳು. ಅವರು ಬಂದದ್ದು ಹನ್ನೊಂದೂವರೆಗೆ. ಅಲ್ಲಿಯವರೆಗೆ ಒಬ್ಬರೂ ಆ ಟವೆಲ್ ಮುಟ್ಟಲಿಲ್ಲ.

ಆದರೆ ನಿಮ್ಮಲ್ಲಿಗೆ ಮತ್ತೆ ಹೋಗೋಣವೇ ಎಂದು ಕೇಳಿದರೆ, "ಬೇಡ ಅಜ್ಜ, ಅಲ್ಲಿ ನಮ್ಮ ಸರದಿ ಬರಲ್ಲ" ಅನ್ನುತ್ತಾಳೆ.

ಹಾಗಾಗಿ ನನ್ನ ಬೇಡಿಕೆ. ಟಿಕೆಟ್ ಹಣ ವಾಪಸ್ ಬೇಡ. ನಿಮ್ಮ ಚಿನ್ನ, ವಜ್ರ ಯಾವುದೂ ಬೇಡ, ಪುಕ್ಕಟೆ ಕೊಟ್ಟರೂ ಚೋಟಿ ಆ ಹೂಕುಂಡದ ದಾರಿಯಲ್ಲಿ ಕಾಲಿಡುವುದಿಲ್ಲ. ನಿಮ್ಮ ಕೌಂಟರಿನಲ್ಲಿ ಚೀಟಿ ಅಂಟಿಸಿಕೊಂಡು ಬಿದ್ದಿರುವ, ಅಂಚಿನಲ್ಲಿ ಕೆಂಪು ಗೆರೆಯ ಟವೆಲ್ ನನ್ನದು. ಅದನ್ನು ನೀವೇ ತಂದು, ಅದೇ ಕಂಬಿಯ ಮೇಲೆ, ಅದೇ ಜಾಗದಲ್ಲಿ ಹಾಸಬೇಕು. ನಾವು ಬರುವವರೆಗೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು. ಯಾರಾದರೂ ಕೇಳಿದರೆ, ಇಲ್ಲಿ ಒಬ್ಬಳು ಇದ್ದಾಳೆ ಎಂದು ಹೇಳಬೇಕು. ಬಿಸಿಲು ಜೋರಿರುತ್ತದೆ, ತಲೆಗೆ ಏನಾದರೂ ಹಾಕಿಕೊಂಡು ಬನ್ನಿ.

ಇಂತಿ,
4,217ನೆಯ ದೂರುದಾರ,
ಟವೆಲ್ ಕಳೆದುಕೊಂಡಿದ್ದರೂ ಜಾಗ ಬಿಟ್ಟುಕೊಡದ
ಕಟಿಂಗ್ ಶಾಪಿನ ಅಜ್ಜ