ತಟ್ಟೆಯಡಿಯ ಒದ್ದೆ ಬಟ್ಟೆ

ಅಪ್ಪ,

ನೀನು ತೀರಿಕೊಂಡು ಮೂರು ವರ್ಷವಾಯಿತು, ಇದನ್ನು ಓದುವುದಿಲ್ಲ, ಗೊತ್ತು. ಆದರೂ ಹೇಳಲೇಬೇಕು: ಇವತ್ತು ನಾವಿಬ್ಬರೂ ಗೆದ್ದೆವು.

ರಜೆಗೆ ದಡಕ್ಕಿಳಿದ ನಾವಿಕರ ಬಗ್ಗೆ ನಾನು ಬರೆದ ನಾಟಕಕ್ಕೆ ರಂಗಮಂದಿರ ತುಂಬಿತ್ತು. ಆಟ ಮುಗಿದ ಮೇಲೆ ಪ್ರೇಕ್ಷಕರ ಅಭಿಪ್ರಾಯ ಕೇಳಿದೆವು. ಮೇಷ್ಟ್ರೊಬ್ಬರು ಎದ್ದು, "ಎಲ್ಲಾ ಚೆನ್ನಾಗಿದೆ. ಆದ್ರೆ ಮನೇಲಿ ಊಟಕ್ಕೆ ಕೂತವನು ತಟ್ಟೆ ಕೆಳಗೆ ಒದ್ದೆ ಬಟ್ಟೆ ಯಾಕೆ ಹಾಸ್ತಾನೆ? ಅದು ಅತಿಯಾಯ್ತು" ಎಂದರು. ತಾಲೀಮಿನಲ್ಲಿ ನಿರ್ದೇಶಕಿಯೂ ಅದನ್ನೇ ಹೇಳಿದ್ದಳು, ನಾನು ಜಗ್ಗಿರಲಿಲ್ಲ.

ನಾನು ಬಾಯಿ ತೆರೆಯುವ ಮುಂಚೆಯೇ ಹಿಂದಿನ ಸಾಲಿನಲ್ಲಿ ಮುದುಕರೊಬ್ಬರು ಎದ್ದರು. "ಹಡಗು ವಾಲಿದಾಗ ತಟ್ಟೆ ಜಾರಬಾರದು ಅಂತ ಹಾಸ್ತೀವಿ ಮೇಷ್ಟ್ರೇ. ನಾನು ಹಡಗು ಬಿಟ್ಟು ಇಪ್ಪತ್ತು ವರ್ಷ ಆಯ್ತು, ಈಗ್ಲೂ ಹಾಸ್ತೀನಿ. ಇದನ್ನ ಬರೆದೋರ ಮನೇಲಿ ನಮ್ಮವನೊಬ್ಬ ಇದ್ದಿರಬೇಕು."

ಇಡೀ ಮಂದಿರ ಎದ್ದು ಚಪ್ಪಾಳೆ ತಟ್ಟಿತು. ಮೇಷ್ಟ್ರೂ ತಟ್ಟಿದರು. ನಾನು ತಲೆಯೆತ್ತಿ ನಿಂತಿದ್ದೆ.

ನೀನು ಹಡಗಿನಿಂದ ರಜೆಗೆ ಬಂದಿದ್ದಾಗ, ಗೆಳತಿಯರ ಎದುರು ನಾನು ನಿನ್ನ ತಟ್ಟೆಯಡಿಯ ಬಟ್ಟೆಯನ್ನು ಎಳೆದು ಬಿಸಾಡಿದ ದಿನ ನೀನು ತಟ್ಟೆಯನ್ನು ಕೈಯಲ್ಲೇ ಹಿಡಿದು ಉಂಡೆ. ನಾಟಕದಲ್ಲಿ ಆ ಬಟ್ಟೆಯನ್ನು ನೀರಲ್ಲಿ ನೆನೆಸಿ, ಹಿಂಡಿ, ಹಾಸಿಕೊಡುವವಳು ಮಗಳು.

ಅದು ಸುಳ್ಳೆಂದು ಮಾತ್ರ ಯಾರೂ ಹೇಳಲಿಲ್ಲ.