ಊದದೆ ಬಿಟ್ಟ ವಿಶಲ್

ಫೆಬ್ರವರಿ 3, ಬೆಳಿಗ್ಗೆ 5.40

ಹಾಲು ಒಲೆ ಮೇಲೆ, ವಾಲಿಬಾಲ್ ರೂಲ್ ಬುಕ್ ಮಡಿಲಲ್ಲಿ. ಮತ್ತೆ ಅದೇ ಪುಟ. ಒಬ್ಬರೇ ಸತತ ಎರಡು ಸಲ ಚೆಂಡು ಮುಟ್ಟಿದರೆ ಡಬಲ್, ಪಾಯಿಂಟ್ ಎದುರಿನವರಿಗೆ. ಆದರೆ ಎದುರು ಕಡೆಯಿಂದ ಬಂದ ಮೊದಲ ಚೆಂಡಿಗೆ ವಿನಾಯಿತಿ. ಒಂದೇ ಪ್ರಯತ್ನದಲ್ಲಿ ಬೆರಳಿಗೂ ಭುಜಕ್ಕೂ ತಾಗಿದರೆ ತಪ್ಪಲ್ಲ. ಆಟ ನಡೀಬೇಕು.

ಹಾಲು ಉಕ್ಕಿತು. ಒರೆಸಿದೆ.

ರಾತ್ರಿ 8

ಆಸ್ಪತ್ರೆ ಲಾಂಡ್ರಿಯಲ್ಲಿ ಇವತ್ತು ಇನ್ನೂರ ಹತ್ತು ಚಾದರ ಇಸ್ತ್ರಿ. ರೆಫ್ರಿ ಕಾರ್ಡ್ ಬಂದಾಗಿನಿಂದ ಎಲ್ಲರೂ ನನ್ನ ಪೀಪಿ ಅಕ್ಕ ಅಂತಾರೆ. ಅನ್ನಲಿ. ನಲವತ್ತಾರಕ್ಕೆ ಪರೀಕ್ಷೆ ಪಾಸ್ ಮಾಡಿದೋಳು ನಾನು.

ಸಂಜೆ ವಾಲಿಬಾಲ್ ಸಂಘದ ಕಾರ್ಯದರ್ಶಿ ಫೋನ್. ಭಾನುವಾರ ಮಹಿಳೆಯರ ಫೈನಲ್. ಮೇಲೆ ಏಣಿ ಹತ್ತಿ ನಿಲ್ಲೋ ಮೊದಲನೇ ರೆಫ್ರಿ — ನಾನು.

"ಸರ್, ಒಂದು ತಂಡದ ಕೋಚ್ ನಮ್ಮಣ್ಣ" ಅಂದೆ.

"ಗೊತ್ತು. ಎದುರು ತಂಡದವರನ್ನೂ ಕೇಳಿದೆ. ಪರವಾಗಿಲ್ಲ ಅಂದ್ರು. ನಿಮಗೆ?"

ಹೂಂ ಅಂದೆ.

ಫೆಬ್ರವರಿ 8, ಸಂಜೆ 7

ಫೈನಲ್ ಮುಗಿಸಿ ಮನೆಗೆ ಬಂದೆ. ಬರೀತೀನಿ.

ಐದನೇ ಸೆಟ್. 14–13. ಮುಂದಿದ್ದದ್ದು ಎದುರು ತಂಡ. ಅಣ್ಣನ ಕ್ಯಾಪ್ಟನ್ ಜೋರಾಗಿ ಹೊಡೆದಳು. ಆ ಕಡೆ ಹಿಂದಿನ ಸಾಲಿನ ಕನ್ನಡಕದ ಹುಡುಗಿ ಎರಡೂ ಕೈ ಎತ್ತಿದಳು. ಚೆಂಡು ಬೆರಳಿಗೆ ಬಡಿದು, ಅಲ್ಲಿಂದ ಭುಜಕ್ಕೆ ಬಡಿದು, ಮೇಲಕ್ಕೆ ಹೋಯ್ತು. ಮೈದಾನವೆಲ್ಲ ಡಬಲ್, ಡಬಲ್ ಅಂತ ಕೂಗು. ವಿಶಲ್ ಹಲ್ಲಿನ ನಡುವೆ ಇತ್ತು. ಊದಲಿಲ್ಲ. ಮೊದಲ ಚೆಂಡು ಅದು. ಅವರು ಎತ್ತಿದರು, ಹೊಡೆದರು. ಅಣ್ಣನ ಕೋರ್ಟಿನಲ್ಲಿ ಬಿತ್ತು. 15–13. ಆಗ ಊದಿದೆ. ಮುಗೀತು, ಅಣ್ಣನ ತಂಡ ಸೋತಿತು.

ಅಣ್ಣ ಓಡಿ ಬಂದ. "ಕಣ್ಣು ಕಾಣಲ್ವಾ ನಿಂಗೆ? ಎರಡು ಸಲ ತಾಗ್ತು."

"ತಾಗ್ತು. ನೋಡಿದೆ. ಮೊದಲ ಚೆಂಡು, ಕೋಚ್. ತಪ್ಪಲ್ಲ."

ಕ್ಯಾಪ್ಟನ್ನನ್ನ ಕಳಿಸಿ ಅನ್ನಬೇಕಿತ್ತು. ರೆಫ್ರಿಯನ್ನ ಕೇಳೋ ಹಕ್ಕು ಕ್ಯಾಪ್ಟನ್‌ಗೆ ಮಾತ್ರ, ನಿಯಮ ಅದು. ಉತ್ತರ ಕೊಟ್ಟುಬಿಟ್ಟೆ. ಹುಟ್ಟಿದಾಗಿನಿಂದ ಅಣ್ಣ ಅಂತಲೇ ಕರೆದ ಬಾಯಲ್ಲಿ ಕೋಚ್ ಅಂತ ಬಂತು. ಅವನ ಮುಖ ಬಿಳಿಚಿಕೊಳ್ತು.

ನನಗೆ ವಾಲಿಬಾಲ್ ಕಲಿಸಿದ್ದೇ ಅವನು. ಹಿತ್ತಲಲ್ಲಿ, ಬಟ್ಟೆ ಒಣಹಾಕೋ ಹಗ್ಗವೇ ನೆಟ್. ಅವನ ಎದುರು ಸರಿಯಾಗಿ ನಿಂತೆ... ಬೇಜಾರಿದೆ. ಆದರೂ ಎದೆ ಉಬ್ಬಿದೆ, ಸುಳ್ಳು ಯಾಕೆ ಬರೀಲಿ.

ಫೆಬ್ರವರಿ 9

ಅಣ್ಣನಿಗೆ ಫೋನ್ ಮಾಡಿದೆ. ಎತ್ತಿದ್ದು ಅತ್ತಿಗೆ.

"ಈಗ ಮಾತಾಡಿಸ್ಬೇಡ ಮಾರಾಯ್ತಿ. ಧಗಧಗ ಉರೀತಿದಾರೆ."

"ಊರಿನ ಫೈರ್ ಎಂಜಿನ್ ಓಡ್ಸೋನೇ ಅವನು. ಆರ್ಸೋಕೆ ಯಾರನ್ನ ಕರಿಯೋಣ?"

ಇಬ್ಬರೂ ನಕ್ಕೆವು. ಫೋನ್ ಇಟ್ಟಮೇಲೆ ಅತ್ತುಬಿಟ್ಟೆ.

ಫೆಬ್ರವರಿ 17

ಮಧ್ಯಾಹ್ನ ಲಾಂಡ್ರಿ ಬಾಗಿಲಲ್ಲಿ ಅಣ್ಣ. ಫೈರ್ ಸ್ಟೇಷನ್ ಯೂನಿಫಾರ್ಮಿನಲ್ಲೇ ಬಂದಿದ್ದ.

"ಆ ಪುಸ್ತಕ ಕೊಡು."

ಬ್ಯಾಗಿನಿಂದ ತೆಗೆದು ಕೊಟ್ಟೆ. ಚಾದರದ ರಾಶಿ ಪಕ್ಕ ನಿಂತು ಕನ್ನಡಕ ಏರಿಸಿ ಓದಿದ. ಎರಡು ಸಲ. ಇಸ್ತ್ರಿ ಮೆಷಿನ್ ಆವಿಗೆ ಕನ್ನಡಕ ಮಸುಕಾಯ್ತು. ಒರೆಸಿ ಮತ್ತೆ ಓದಿದ.

"ನಾವು ಆಡೋವಾಗ ಇದು ಫೌಲ್."

"ಆಗ ಫೌಲ್. ಆಮೇಲೆ ಬದಲಾಯ್ತು. ನೀನು ಆಡೋದು ಬಿಟ್ಟ ಮೇಲೆ."

ಪುಸ್ತಕ ಮುಚ್ಚಿದ.

"ಜೋರು ಚೆಂಡಿಗೆ ಬೆರಳು ಎತ್ತಲೇಬೇಡಿ ಅಂತ ಹುಡುಗೀರನ್ನ ಹೆದರ್ಸಿ ಇಟ್ಟಿದೀನಿ. ಇಷ್ಟು ವರ್ಷ."

ಪುಸ್ತಕ ಜೇಬಿಗೆ ತುರುಕಿಕೊಂಡು ಹೋದ.

ಫೆಬ್ರವರಿ 22, ಬೆಳಿಗ್ಗೆ 7.30

ಮೈದಾನದ ಬೆಂಚಲ್ಲಿ ಕೂತು ಬರೀತಿದೀನಿ. ಹುಡುಗೀರು ನೀರು ಕುಡಿಯೋಕೆ ಹೋಗಿದಾರೆ.

ಅಣ್ಣನ ಹುಡುಗೀರ ಪ್ರಾಕ್ಟೀಸ್ ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ. ಕಾಂಪೌಂಡ್ ಹೊರಗೇ ನಿಂತೆ. ಅಣ್ಣ ಚೆಂಡು ಹೊಡೀತಿದ್ದ. "ಬೆರಳಲ್ಲಿ ತಗೊಳ್ಳಿ. ಮೊದಲ ಚೆಂಡು. ಎರಡು ಸಲ ತಾಗಿದ್ರೂ ಯಾರೂ ಕೇಳಲ್ಲ."

ಕ್ಯಾಪ್ಟನ್ ಕೇಳಿದಳು, "ಅದು ತಪ್ಪು ಅಂತಿದ್ರಲ್ಲ ಸರ್?"

ಅಣ್ಣ ಚೆಂಡನ್ನ ಕಂಕುಳಲ್ಲಿ ಇಟ್ಟುಕೊಂಡ. "ತಪ್ಪು ನಂದು. ಫೈನಲ್‌ನಲ್ಲಿ ರೆಫ್ರಿ ಮಾಡಿದ್ದೇ ಸರಿ. ಅಷ್ಟು ಜನ ಕೂಗಿದ್ರೂ ಊದಲಿಲ್ಲ, ನೋಡಿದ್ರಲ್ಲ?"

"ಅವರು ನಿಮ್ಮ ತಂಗಿ ಅಂತೆ?"

"ಅಲ್ಲಿ ರೆಫ್ರಿ. ಮನೇಲಿ ತಂಗಿ" ಅಂದ. ಆಮೇಲೆ ಮತ್ತೆ, "ನನ್ನ ತಂಗಿ" ಅಂದ.

ನಿಂತಲ್ಲೇ ನಿಂತಿದ್ದೆ. ಕಾಣಿಸಿಬಿಟ್ಟೆ. ಕರೆದ. ಫೈನಲ್ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇನ್ನೊಂದು ಚೆಂಡು ನನ್ನ ಕಡೆ ಎಸೆದ. "ಏಳು ಜನ ನಂಗೆ, ಏಳು ಜನ ನಿಂಗೆ."

ಒಂದು ಗಂಟೆ ಹೊಡೆದೆ. ತೋಳು ಬಿದ್ದುಹೋಗಿದೆ. ನನ್ನ ಸಾಲಿನ ಗಿಡ್ಡ ಹುಡುಗಿ ಮೊದಲು ಕಣ್ಣು ಮುಚ್ಚಿಕೊಳ್ತಿದ್ದಳು, ಕೊನೆಕೊನೆಗೆ —

ಬಂದರು. ಅಣ್ಣ ಕೂಗ್ತಿದಾನೆ. ಆ ಹುಡುಗಿದು ಆಮೇಲೆ ಬರೀತೀನಿ.